ದೋಣಿ ದಲ್ಲಾಳಿ ಪುನುಗು ಬೆಕ್ಕು

ಒಂದು ಕಾಡಿನ ನಟ್ಟನಡುವೆ ಒಂದು ಹೊಳೆ ಹರಿಯುತ್ತಿತ್ತು. ಅದರ ಅಗಲ ಎಷ್ಟೆಂದರೆ, ಈ ದಡದಿಂದ ಹೊರಟ ಕಪ್ಪೆ ಆ ದಡ ಮುಟ್ಟುವಷ್ಟರಲ್ಲಿ ಮೊಮ್ಮಕ್ಕಳನ್ನು ಕಾಣುತ್ತಿತ್ತು. ನಂಬದವರು ಹೋಗಿ ಅಳೆದು ಬರಬಹುದು. ಹಾಗಾಗಿ ಅಲ್ಲಿನ ಪ್ರಾಣಿಗಳಿಗೆಲ್ಲ ದೋಣಿ ಬೇಕೇ ಬೇಕು. ಮರಕುಟಿಗ ದಿಮ್ಮಿ ಕೊರೆದು ದೋಣಿ ಮಾಡುತ್ತಿತ್ತು. ಬೆಲೆ ಜೇನುತುಪ್ಪದಲ್ಲಿ. ವ್ಯಾಪಾರ ಕುದುರಿಸುವ ದಲ್ಲಾಳಿಗಳು ಇಬ್ಬರು: ನೀರುನಾಯಿ ಮತ್ತು ಪುನುಗು ಬೆಕ್ಕು.

ಪುನುಗು ಬೆಕ್ಕಿನ ಮಾತು ಸಿಹಿ, ಮೈಯೆಲ್ಲ ಘಮಘಮ. ನೀರುನಾಯಿಯ ಮೈಯಲ್ಲಿ ಮೀನಿನ ನಾತ. ಆದರೂ ಗಿರಾಕಿಗಳು ಸಾಲುಗಟ್ಟಿ ನಿಲ್ಲುತ್ತಿದ್ದದ್ದು ನೀರುನಾಯಿಯ ಮರದ ಕೆಳಗೆ. ಅದನ್ನು ಕಂಡಾಗಲೆಲ್ಲ ಬೆಕ್ಕಿನ ಹೊಟ್ಟೆಯಲ್ಲಿ ಎಂಥ ಉರಿ ಏಳುತ್ತಿತ್ತೆಂದರೆ, ಮೇಲೊಂದು ಹಂಡೆ ಇಟ್ಟಿದ್ದರೆ ಇಡೀ ಕಾಡಿಗೆ ಸ್ನಾನದ ನೀರು ಕಾಯುತ್ತಿತ್ತು.

"ಅದರಲ್ಲಿ ಅಂಥದ್ದೇನಿದೆ?" ಎಂದು ಬೆಕ್ಕು ಪೊದೆಯ ಮರೆಯಲ್ಲಿ ಕೂತು ನೋಡಿತು.

ಗಿರಾಕಿ ತಂದ ಜೇನನ್ನು ನೀರುನಾಯಿ ಸೋರೆಬುರುಡೆಗೆ ತುಂಬುತ್ತಿತ್ತು. ಅವರೆದುರೇ ಬಾಯಿಗೆ ಮೇಣ ಮೆತ್ತಿ, ಅವರ ಪಾದದ ಗುರುತು ಒತ್ತಿಸಿ, ಕೊಂಬೆಗೆ ತೂಗುಹಾಕುತ್ತಿತ್ತು.

"ದೋಣಿ ಮೂರು ದಿನ ನೀರಲ್ಲಿ ನಿಂತು ಸೋರದಿದ್ದರೆ ಜೇನು ಮರಕುಟಿಗನಿಗೆ. ಸೋರಿದರೆ ಬುರುಡೆ ವಾಪಸ್ ನಿಮಗೆ. ಅಲ್ಲಿಯವರೆಗೆ ನಾನು ಬರೀ ಕಾವಲು" ಎನ್ನುತ್ತಿತ್ತು.

"ಓ, ಇಷ್ಟೇನಾ" ಎಂದುಕೊಂಡ ಬೆಕ್ಕು ಮಾರನೆಯ ದಿನವೇ ತನ್ನ ಮರಕ್ಕೆ ಹತ್ತು ಬುರುಡೆ ಕಟ್ಟಿತು. ಒಂದೊಂದೂ ನೀರುನಾಯಿಯ ಬುರುಡೆಗಿಂತ ಎರಡು ಪಟ್ಟು ದೊಡ್ಡದು.

ಮೊದಲು ಬಂದದ್ದು ಕರಡಿ. ಅದರ ಹೆಂಡತಿ ಮಕ್ಕಳು ಆಚೆ ದಡದಲ್ಲಿದ್ದರು. ಮಳೆಗಾಲಕ್ಕೆ ಮುಂಚೆ ಅವರನ್ನು ಕರೆತರಬೇಕಿತ್ತು. ಅದಕ್ಕಾಗಿ ವರ್ಷವಿಡೀ ಒಂದು ಹನಿಯೂ ನೆಕ್ಕದೆ ಜೇನು ಕೂಡಿಟ್ಟಿತ್ತು. ಕರಡಿಯ ಪಾಲಿಗೆ ಅದು ಸಣ್ಣ ತಪಸ್ಸಲ್ಲ. ಹತ್ತೂ ಬುರುಡೆ ತುಂಬಿದವು. ಮೇಣ ಬಿತ್ತು, ಗುರುತೂ ಬಿತ್ತು. ದೋಣಿ ನೀರಿಗಿಳಿಯಿತು.

ಕರಡಿ ಅತ್ತ ಹೋದದ್ದೇ ತಡ, ಬೆಕ್ಕು ಯೋಚಿಸಿತು. "ಆ ನೀರುನಾಯಿ ಅಷ್ಟು ದುಂಡಗಾಗಿದ್ದು ಮೀನು ತಿಂದೇನಲ್ಲ. ಅದೂ ಕದ್ದು ನೆಕ್ಕುತ್ತಿರಬೇಕು. ನಾನೇನು ಕಡಿಮೆ? ನಾಳೆ ಬೇರೆ ಗಿರಾಕಿ ಬಂದಾಗ ಅವರ ಜೇನು ಇದಕ್ಕೆ ಸುರಿದರಾಯಿತು."

ಬುರುಡೆಗಳ ಹಿಂದೆ ತೂತು ಕೊರೆದು ಹತ್ತನ್ನೂ ನೆಕ್ಕಿ ಮುಗಿಸಿತು. ತೂಕಕ್ಕೆ ಮರಳು ತುಂಬಿ, ತೂತಿಗೆ ಕೆಸರು ಮೆತ್ತಿತು.

ಮರುದಿನ ಬೇರೆ ಗಿರಾಕಿ ಬರಲಿಲ್ಲ. ದೋಣಿ ನೋಡಲು ಕರಡಿ ಬಂತು. ಅದೇ ಹೊತ್ತಿಗೆ ನೀರುನಾಯಿಯೂ ಆ ದಾರಿಯಲ್ಲಿ ಹೋಗುತ್ತಿತ್ತು. ಅದನ್ನು ಕಂಡು ಬೆಕ್ಕಿಗೆ ಸುಮ್ಮನಿರಲು ಆಗಲಿಲ್ಲ.

"ಕರಡಿ ಮಾವ, ನೀರುನಾಯಕ್ಕನ ಮರ ನೋಡಿದ್ದೀರಾ? ಬುರುಡೆ ತುಂಬ ಇರುವೆ. ನನ್ನ ಮರದಲ್ಲಿ ಒಂದಾದರೂ ಇದೆಯಾ? ಶುಚಿ ಅಂದರೆ ಇದು."

"ನಿಜ ಮಾರಾಯ, ಬೆಳಗಾದರೆ ಇರುವೆ ಓಡಿಸೋದೇ ನನಗೆ ಕೆಲಸ" ಎಂದಿತು ನೀರುನಾಯಿ.

ಕರಡಿ ತಲೆ ಕೆರೆದುಕೊಂಡಿತು. "ಜೇನಿರೋ ಕಡೆ ಇರುವೆ ಇಲ್ಲ ಅನ್ನೋದನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ ಕಣೋ."

ಅದು ಒಂದು ಬುರುಡೆ ಇಳಿಸಿ ಹಿಂದುಮುಂದು ತಿರುಗಿಸಿತು. ಕೆಸರು ಕಳಚಿ ಮರಳು ಸುರಿಯಿತು.

"ಎಲ್ಲೋ ನನ್ನ ಜೇನು?"

"ಮಾವ, ಅದು... ನೀರುನಾಯಕ್ಕನೂ ಹೀಗೇ ಮಾಡೋದು."

ಕರಡಿ ಅದರ ಬಾಲ ಹಿಡಿದು ನೀರುನಾಯಿಯ ಮರಕ್ಕೆ ಎಳೆದೊಯ್ದಿತು. ಅಲ್ಲಿದ್ದ ಗಿರಾಕಿಗಳು ತಮ್ಮ ತಮ್ಮ ಬುರುಡೆ ಇಳಿಸಿ, ತಿರುಗಿಸಿ, ಮೇಣ ಬಿಡಿಸಿ ನೋಡಿದರು. ಒಂದರಲ್ಲೂ ಒಂದು ಹನಿ ಕಡಿಮೆ ಇರಲಿಲ್ಲ.

ಹತ್ತು ಬುರುಡೆ ತುಂಬಿಸಿಕೊಡುವವರೆಗೆ ಬೆಕ್ಕಿಗೆ ಬಿಡುಗಡೆ ಇರಲಿಲ್ಲ. ಹೆಜ್ಜೇನಿನ ಬಂಡೆ ಹತ್ತಿ ಹತ್ತಿ ಅದರ ಮೂತಿ ಕುಂಬಳಕಾಯಿಯಷ್ಟು ಊದಿತು. ತುಂಬಿದ ಬುರುಡೆಯನ್ನು ಕರಡಿ ಅದರ ಕೈಯಲ್ಲಿ ಬಿಡಲಿಲ್ಲ. "ನೀರುನಾಯಿಯ ಹತ್ತಿರ ಇಡು" ಎಂದಿತು. ದಿನವೂ ಬೆಕ್ಕು ಬುರುಡೆ ಹೊತ್ತು, ತಾನು ಇಷ್ಟು ದಿನ ಕರುಬುತ್ತಿದ್ದ ಆ ಸಾಲಿನ ಕೊನೆಯಲ್ಲೇ ನಿಲ್ಲಬೇಕಾಯಿತು.

ನೀತಿ: ನಂಬಿ ಕೈಗಿಟ್ಟ ಹಣವನ್ನು ಮುಟ್ಟದೆ ಕಾಯುವವನೇ ನಿಜವಾದ ದಲ್ಲಾಳಿ, ಹೊಟ್ಟೆಕಿಚ್ಚಿನಿಂದ ಅವನ ಸೋಗು ಹಾಕಿದವನು ಗಿರಾಕಿಯನ್ನೂ ಕಳೆದುಕೊಳ್ಳುತ್ತಾನೆ, ಮಾನವನ್ನೂ ಕಳೆದುಕೊಳ್ಳುತ್ತಾನೆ.