ಶಿರಸ್ತ್ರಾಣಕ್ಕೆ ಧೂಪ

ಜಪಾನಿನಲ್ಲಿ ಹಿರಾಸೆ ಮನೆತನಕ್ಕೂ ಓಕಿನೊ ಮನೆತನಕ್ಕೂ ಅಜ್ಜಂದಿರ ಕಾಲದಿಂದ ಜಗಳ. ನಡುವೆ ಒಂದು ಹೊಳೆ, ಹೊಳೆಗೊಂದು ಸೇತುವೆ. ಅದನ್ನು ಯಾರ ದೊರೆ ಮೊದಲು ದಾಟಬೇಕು ಎಂಬುದೇ ತಕರಾರು. ಸೇತುವೆ ಯಾವುದೋ ಮಳೆಗಾಲದಲ್ಲಿ ಕೊಚ್ಚಿಹೋಯಿತು. ಜಗಳ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಹೊಳೆಯ ದಡದ ಗುಡಿಸಲಿನಲ್ಲಿ ಗೆಂಪೊ ಎಂಬ ವೃದ್ಧ ಸನ್ಯಾಸಿ ಇದ್ದರು. ಅವರ ಶಿಷ್ಯ ಯಾಸುತಾಕಾ ಹಿರಾಸೆಯವರ ಸೇವೆಯಲ್ಲಿದ್ದ ಸಮುರಾಯಿ ಯೋಧ.

ಒಂದು ಮಧ್ಯಾಹ್ನ ಗುರುಗಳು ಮೂಲಂಗಿ ತೊಳೆಯುತ್ತಿದ್ದಾಗ ಅವನು ಬಂದು ತಲೆಬಾಗಿ ನಿಂತ.

"ಗುರುಗಳೇ, ನಾಳೆ ಬೆಳಿಗ್ಗೆ ಯುದ್ಧ. ಮೊದಲು ಎರಡೂ ಕಡೆಯಿಂದ ಒಬ್ಬೊಬ್ಬರು ಕತ್ತಿ ಹಿಡಿದು ಕಾದಬೇಕು. ನಮ್ಮ ಕಡೆಯಿಂದ ನನ್ನನ್ನು ಆರಿಸಿದ್ದಾರೆ."

"ಎದುರು ಯಾರು?"

"ನಿಶಿಯೊ ಮೊರಿಹಿಸಾ. ಆಳು ಬಾಗಿಲಿನಷ್ಟು ಅಗಲವಂತೆ. ಇದುವರೆಗೆ ಸೋತೇ ಇಲ್ಲವಂತೆ."

"ಹೆದರಿಕೆಯೇ?"

"ಇಲ್ಲ" ಅಂದ ಯಾಸುತಾಕಾ. ತೊಳೆದಿಟ್ಟ ಮೂಲಂಗಿಯನ್ನೇ ಎತ್ತಿ ಮತ್ತೆ ತೊಳೆಯತೊಡಗಿದ. "ಸ್ವಲ್ಪ ಧೂಪ ಬೇಕಿತ್ತು."

ಯುದ್ಧಕ್ಕೆ ಹೊರಡುವ ಸಮುರಾಯಿ ತನ್ನ ಶಿರಸ್ತ್ರಾಣಕ್ಕೆ ಧೂಪದ ಹೊಗೆ ಹಿಡಿಯುವುದು ಅಲ್ಲಿನ ಪದ್ಧತಿ. ಸೋತವನ ತಲೆ ಗೆದ್ದವನ ಕೈಗೆ ಹೋಗುತ್ತದೆ. ಹೋದ ತಲೆ ನಾರಬಾರದು, ಅಷ್ಟೇ ಮರ್ಯಾದೆ.

"ಆ ಪರಿಮಳ ಮೂಸುವವನು ಯಾರು?" ಗುರುಗಳು ಕೇಳಿದರು.

"ನನ್ನ ತಲೆ ತೆಗೆದವನು."

"ಅವನಿಗೆ ಯಾವ ಪರಿಮಳ ಇಷ್ಟ?"

"ನನಗೇನು ಗೊತ್ತು? ಅವನು ಶತ್ರು!"

"ಇರಲಿ. ಕೊಡುವುದು ತಲೆ. ಇಷ್ಟು ದೊಡ್ಡ ಉಡುಗೊರೆಯನ್ನು ಕೇಳಿಯೇ ಕೊಡಬೇಕು. ದೋಣಿ ಅಲ್ಲಿದೆ."

ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ಯಾಸುತಾಕಾ ಗುರುಗಳ ಮಾತನ್ನು ಹೇಳಿದ ಹಾಗೇ ಮಾಡುವವನು. ಇಂಥ ಶಿಷ್ಯರನ್ನು ಕಂಡರೆ ನನಗೆ ಬಲು ಪ್ರೀತಿ. ಕತ್ತಿ ಬಿಚ್ಚಿಟ್ಟು ದೋಣಿ ಹತ್ತಿದ.

ಬರಿಗೈಯಲ್ಲಿ ಬಂದವನನ್ನು ಏನು ಮಾಡುವುದೆಂದು ತಿಳಿಯದೆ ಆಚೆ ದಡದ ಕಾವಲಿನವರು ಅವನನ್ನು ಮೊರಿಹಿಸಾನ ಡೇರೆಗೇ ಕರೆದೊಯ್ದರು. ಅವನ ಪ್ರಶ್ನೆ ಕೇಳಿಸಿಕೊಂಡು ಮೊರಿಹಿಸಾ ಬಾಯಿ ತೆರೆದುಕೊಂಡು ಕೂತ. ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದ.

"ಯಾರಿಗೂ ಹೇಳಬೇಡ ತಮ್ಮಾ. ಧೂಪ ನನಗೆ ಆಗಿಬರುವುದಿಲ್ಲ. ಮೂಗಿಗೆ ಸೋಕಿದರೆ ಸಾಕು, ಸೀನು ಶುರು. ಎದುರಾಳಿಯ ಧೂಪ ದೂರವೇ ಇರಲಿ ಅಂತ ನಾನು ಯಾವಾಗಲೂ ಉದ್ದದ ಈಟಿ ಹಿಡಿಯುವುದು. ನಾಳೆ ನೋಡಿದರೆ ಕತ್ತಿಯ ಕಾಳಗ. ನೀನು ದಯವಿಟ್ಟು ಏನೂ ಹಾಕಬೇಡ."

"ಆಗಲಿ."

"ಅಂದಹಾಗೆ, ನಿನಗೆ ಯಾವುದು ಇಷ್ಟ?"

"ಶ್ರೀಗಂಧ" ಅಂದ ಯಾಸುತಾಕಾ.

ವಾಪಸು ಬರುತ್ತ ಹೊಳೆಯ ನಡುವೆ ಬಂದಾಗ ಅವನ ತಲೆಯಲ್ಲಿ ಬೇರೆ ಲೆಕ್ಕ ಶುರುವಾಯಿತು. ದೋಣಿ ದಡ ಮುಟ್ಟುವ ಮೊದಲೇ ಹಾರಿದ.

"ಗುರುಗಳೇ, ಬದುಕಿಕೊಂಡೆ! ಅವನಿಗೆ ಧೂಪ ಕಂಡರೆ ಸೀನು. ಇರುವ ಧೂಪವನ್ನೆಲ್ಲ ಕೊಡಿ!"

ಗುರುಗಳು ಡಬ್ಬಿಯನ್ನೇ ತಂದು ಕೊಟ್ಟರು.

ಯಾಸುತಾಕಾ ಕೆಂಡ ಮಾಡಿದ. ಶಿರಸ್ತ್ರಾಣ ಹಿಡಿದು ಕೂತ. ಧೂಪ ಹಾಕಲು ಮಾತ್ರ ಕೈ ಮುಂದಾಗಲಿಲ್ಲ.

"ಏನಾಯಿತು?"

"ಗುರುಗಳೇ, ಅವನು ಇದನ್ನು ನನಗೆ ಯಾಕೆ ಹೇಳಿದ?"

"ನೀನು ಕೇಳಿದೆ."

ಕೆಂಡ ಬೂದಿಯಾಗುವ ತನಕ ಯಾಸುತಾಕಾ ಅಲ್ಲೇ ಕೂತಿದ್ದ. ಬದುಕುವ ಆಸೆ ಅವನಿಗೆ ಬಹಳವಿತ್ತು. ಅತ್ತೇಬಿಟ್ಟ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಗುರುಗಳ ಮುಂದಿಟ್ಟ.

ಬೆಳಿಗ್ಗೆ ಹೊಳೆಯ ಮರಳಿನ ಮೇಲೆ ಎರಡೂ ಸೈನ್ಯ ನಿಂತವು. ಕಾದುವ ಮೊದಲು ಇಬ್ಬರೂ ತಮ್ಮ ಹೆಸರು, ವಂಶ ಹೇಳಿಕೊಳ್ಳಬೇಕು. ಅದು ಮುಗಿಯುವವರೆಗೆ ಯಾರೂ ಕತ್ತಿ ಬೀಸುವಂತಿಲ್ಲ.

ಯಾಸುತಾಕಾ ಹೇಳಿ ಮುಗಿಸಿದ. ಮೊರಿಹಿಸಾ ಎದೆಯುಬ್ಬಿಸಿ ಶುರುಮಾಡಿದ.

"ನಾನು ನಿಶಿಯೊ ಮೊರಿಹಿಸಾ! ಮಹಾಶೂರನಾದ ನಿಶಿಯೊ... ಆಕ್ಷೀ!"

ಮತ್ತೆ ಮೊದಲಿನಿಂದ ಹೇಳಿದ. ಈ ಸಲ ಅಪ್ಪನ ಹೆಸರು ದಾಟಿತು, ಅಜ್ಜನ ಹೆಸರಿನಲ್ಲಿ ಸಿಕ್ಕಿಬಿದ್ದ. ಗಾಳಿ ಬೀಸಿದಾಗ ಯಾಸುತಾಕಾನ ಮೂಗಿಗೆ ಶ್ರೀಗಂಧ ಬಡಿಯಿತು.

"ಅಯ್ಯೋ, ಇದೇನು ಮಾಡಿಕೊಂಡಿರಿ?"

"ನಿನಗೆ ಇಷ್ಟ ಅಂದೆಯಲ್ಲ" ಅಂದ ಮೊರಿಹಿಸಾ, ಕಣ್ಣು ಮೂಗು ಒರೆಸಿಕೊಳ್ಳುತ್ತ. "ಒಂದು ವೇಳೆ ನಾನೇ ಸೋತರೆ ಅಂತ... ಆಕ್ಷೀ!"

ಯಾಸುತಾಕಾ ಕತ್ತಿಯನ್ನು ಒರೆಗೆ ಸೇರಿಸಿದ. ಎದುರಾಳಿಯ ಶಿರಸ್ತ್ರಾಣ ಬಿಚ್ಚಿ, ಹೊಳೆಗೆ ಒಯ್ದು, ಪಾತ್ರೆ ತಿಕ್ಕುವಂತೆ ಮರಳು ಹಾಕಿ ತಿಕ್ಕತೊಡಗಿದ. ಹಿಂದಿನಿಂದ ಮೊರಿಹಿಸಾ ಇನ್ನೊಂದು ಸೀನು ಸೀನಿದ. ಓಕಿನೊ ದೊರೆಯ ಕುದುರೆ ಬೆದರಿ ಹಿಂದಕ್ಕೆ ಸರಿಯಿತು.

ಮೊದಲು ಹಿರಾಸೆಯವರು ನಕ್ಕರು. ಆಮೇಲೆ ಓಕಿನೊದವರೂ ತಡೆದುಕೊಳ್ಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುವವರ ಕೈಗೆ ಈಟಿ ಕೊಟ್ಟು ಏನು ಪ್ರಯೋಜನ? ಇವತ್ತು ಶಕುನ ಸರಿಯಿಲ್ಲ ಎಂದು ಹೇಳಿ ದೊರೆಗಳಿಬ್ಬರೂ ಸೈನ್ಯವನ್ನು ಮನೆಗೆ ಹೊರಡಿಸಿದರು.

ಯಾಸುತಾಕಾ ಗುಡಿಸಲಿಗೆ ಬಂದ. ಜೀವ ಉಳಿದಿತ್ತು, ಮುಖ ಮಾತ್ರ ಬಾಡಿತ್ತು.

"ಗುರುಗಳೇ, ಮುಂದಿನ ತಿಂಗಳು ಮತ್ತೆ ಯುದ್ಧವಂತೆ. ಇನ್ನು ನನ್ನಿಂದಾಗದು. ಆ ಮನುಷ್ಯನ ಪರಿಚಯ ಆಗಿಬಿಟ್ಟಿತು, ಅವನ ಮೇಲೆ ಕತ್ತಿ ಏಳುವುದಿಲ್ಲ. ಯೋಧನಾಗಿ ನಾನು ಪೂರ್ತಿ ಕೆಟ್ಟುಹೋದೆ."

ಗುರುಗಳು ದೋಣಿಯನ್ನು ನೀರಿಗೆ ತಳ್ಳಿದರು.

"ಪೂರ್ತಿ ಎಲ್ಲಿ ಕೆಟ್ಟೆ? ಆ ದಡದಲ್ಲಿ ಇನ್ನೂ ಅಷ್ಟೊಂದು ಜನರ ಪರಿಚಯ ಬಾಕಿ ಇದೆ."