ಪಟೇಲರ ನಡುಮನೆ ಅರಮನೆಯಾದದ್ದು

ಗೋಡೆ ಅಲ್ಲಾಡಲಿಲ್ಲ, ಸೂರು ಏರಲಿಲ್ಲ, ಆದರೂ ಮಧ್ಯಾಹ್ನದೊಳಗೆ ಕೋಣೆ ದೊಡ್ಡದಾಯ್ತು. ಹೇಗೆ, ಹೇಳಿ ನೋಡೋಣ? ನಿಮ್ಮ ಕೈಲಾಗಲ್ಲ ಬಿಡಿ, ನಮ್ಮ ಮೇಷ್ಟ್ರಿಗೇ ಆಗಲಿಲ್ಲ.

ಪಟೇಲ ನಂಜೇಗೌಡರ ಮಗಳನ್ನು ನೋಡೋಕೆ ಗಂಡಿನವರು ಬರೋರಿದ್ದರು. ಪಟೇಲರ ಮೀಸೆ ದೊಡ್ಡದು, ನಡುಮನೆ ಮಾತ್ರ ಬೆಂಕಿಪೊಟ್ಟಣ. ಆಳನ್ನು ಕರೆದು ಗುಡುಗಿದರು: "ಲೋ, ಬಂದೋರು ಅರಮನೆ ಅನ್ನಬೇಕು, ಹಂಗೆ ಸಿಂಗರಿಸು. ಇಲ್ಲಾಂದ್ರೆ ನಿನ್ನ ತಂಗಿ ಮದುವೆಗೆ ರಜಾ ಇಲ್ಲ."

ಆಳು ಗೋಡೆಗೆ ಸುಣ್ಣ ಬಳಿದ, ಒಂದು ಚಾಪೆ ಹಾಸಿದ, ಹೋಗಿ ಬಾಗಿಲಲ್ಲಿ ನಿಂತ. ಗಾಡಿ ಇಳಿದ ಗಂಡಿನವರಿಗೆ ಕೈ ಮುಗಿದು, "ಈಗ ರಾಹುಕಾಲ ಸ್ವಾಮಿ. ಶುಭಕಾರ್ಯಕ್ಕೆ ಬಂದೋರು ಹೊಸ್ತಿಲು ದಾಟಬಾರದಲ್ವಾ?" ಅಂದ. ಅಷ್ಟೂ ಜನರನ್ನು ಮನೆ ಪಕ್ಕದ ಸೌದೆ ಗೂಡಿಗೆ ತುಂಬಿದ. ಒಬ್ಬರ ಮೊಣಕಾಲು ಇನ್ನೊಬ್ಬರ ಗದ್ದಕ್ಕೆ. ಜಾಗ ಸಾಲದೆ ಮದುವೆಗಂಡು ಸೋದರಮಾವನ ತೊಡೆ ಮೇಲೆ ಕೂತ.

ರಾಹುಕಾಲ ಮುಗೀತು. ನಡುಮನೆಗೆ ಬಂದವರೇ ಕೈಕಾಲು ಚಾಚಿದರು. "ಅಬ್ಬಬ್ಬಾ! ಅರಮನೆ ಕಣ್ರೀ ಗೌಡ್ರೇ!" ಅಂತ ಸೋದರಮಾವ ಚಾಪೆ ಮೇಲೆ ಉರುಳಿಯೇಬಿಟ್ಟ.

ಪಟೇಲರು ಆಮೇಲೆ ಗೋಡೆ ತಟ್ಟಿ ತಟ್ಟಿ ನೋಡಿದರು. "ನಂಗ್ಯಾಕೋ ಮೊದಲಿನ ಹಂಗೇ ಕಾಣ್ತದಲ್ಲೋ?"

"ಬುದ್ಧೀ, ನೀವಿನ್ನೂ ಸೌದೆ ಗೂಡಲ್ಲಿ ಕೂತಿಲ್ಲ."

ಪಟೇಲರು ಗುಟ್ಟಾಗಿ ಗೂಡಿಗೆ ನುಗ್ಗಿದರು, ಸೌದೆ ಸಂದೀಲಿ ಸಿಕ್ಕಿಕೊಂಡರು. "ರಜಾ ಕೊಡ್ತೀನಿ, ಎಳೆಯೋ!" ಅಂತ ಕಿರುಚಿದರು. ಆಳು ಎಳೆದ. ರಜಾ ಸಿಕ್ತು.

ಪಟೇಲರು ಗೂಡಿಗೆ ನುಗ್ಗಿದ್ದು ಮಾತ್ರ ನಾನೇ ಕಟ್ಟಿದ್ದು. ಅವರು ನಗುತ್ತಾ ರಜಾ ಕೊಟ್ಟರು ಅನ್ನೋದೇ ನಿಜ. ಆದ್ರೆ ಅದನ್ನ ಹೇಳಿದ್ರೆ ನಮ್ಮೂರಲ್ಲಿ ಯಾರಾದ್ರೂ ನಂಬ್ತಾರಾ?