ಹತ್ತೂ ಹತ್ತರ ಹಂಸ

"ಅಜ್ಜಾರ, ನಾನು ಮೋಹ ಬಿಟ್ಟು ಒಂಬತ್ತು ವರ್ಷ ಆತು. ಭಕ್ತರು ನನಗ ನಿರ್ಮೋಹಿ ಅಂತ ಹೆಸರಿಟ್ಟಾರ, ಕಾಲಿಗೆ ಬೀಳ್ತಾರ. ಈಗ ಊರಿಂದ ಸುದ್ದಿ ಬಂದೈತಿ. ನಾಳೆ ಮುಂಜಾನೆ ನಮ್ಮ ಅಣ್ಣಗ ಆಪರೇಷನ್. ಒಳಗ ಕರಕೊಂಡು ಹೋಗೂದರಾಗ ಒಂದು ಸಲ ಮುಖ ತೋರಿಸು ಅಂದಾನ. ಇವತ್ತಿನ ಬಸ್ಸು ಹಿಡಿದರಷ್ಟೇ ಮುಟ್ಟೂದು. ಆದರ ಹೋದರ ಮಂದಿ, ನಿರ್ಮೋಹಿಗೂ ಅಣ್ಣ ಬೇಕಾದನೇನು ಅಂತ ನಗತಾರ. ಹೋಗಲೋ, ಬ್ಯಾಡೋ?"

ಹೀಗೆ ನಿರುಪಾದಿ ಎಂಬ ಶಿಷ್ಯ ಮಠದ ಗುರುಗಳನ್ನು ಕೇಳಿದ. ಗುರುಗಳನ್ನು ಊರೆಲ್ಲ ಅಜ್ಜಾರು ಎಂದೇ ಕರೆಯುತ್ತಿತ್ತು. ಅಜ್ಜಾರು ಶೇಂಗಾ ಸುಲಿಯುತ್ತಿದ್ದರು. ಎರಡು ಕಾಳು ಬಾಯಿಗೆ ಹಾಕಿಕೊಂಡು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನು ಒಂದು ಕೈಗಡಿಯಾರ ಕೊಂಡ. ಅಂಥವು ಜಗತ್ತಿನಲ್ಲಿ ಹನ್ನೆರಡೇ ಇದ್ದವು. ಬೆಲೆ ಹೇಳುವುದಿಲ್ಲ. ಹೇಳಿದರೆ ನೀನು ಜಪ ಬಿಟ್ಟು ಸೊನ್ನೆ ಎಣಿಸುತ್ತ ಕೂಡುತ್ತೀಯ.

ಗಡಿಯಾರದ ಮುಖದ ಮೇಲೆ ಒಂದು ಹಂಸವಿತ್ತು. ಸುಮ್ಮನೆ ಬರೆದ ಹಂಸವಲ್ಲ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ಕೂದಲೆಳೆಯಂಥ ಕುಂಚದಿಂದ ಬಿಲ್ಲೆಯ ಮೇಲೆ ಹಚ್ಚಿ, ಕುಲುಮೆಯಲ್ಲಿ ಬೇಯಿಸಿದ ಮೀನಾಕಾರಿ ಹಂಸ. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಬೆಂಕಿ. ಒಟ್ಟು ಒಂಬತ್ತು ಸಲ ಸುಟ್ಟಿದ್ದರು. ಮನುಷ್ಯನಾಗಿದ್ದರೆ ಎರಡನೆಯ ಸಲಕ್ಕೇ ಓಡಿಹೋಗುತ್ತಿದ್ದ.

ಗಡಿಯಾರಕ್ಕೆ ಇದ್ದದ್ದು ಒಂದೇ ದೋಷ. ಅದು ನಡೆಯುತ್ತಿತ್ತು. ನಡೆದರೆ ಮುಳ್ಳು ತಿರುಗುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಎರಡೂ ಮುಳ್ಳು ಹೋಗಿ ಹಂಸದ ಕತ್ತಿನ ಮೇಲೆ ಕೂಡುತ್ತಿದ್ದವು. ಆರೂವರೆಗೆ ಕಾಲು ಕಾಣುತ್ತಿರಲಿಲ್ಲ. ವ್ಯಾಪಾರಿಗೆ ಹೊಟ್ಟೆ ಉರಿಯಿತು.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಗಡಿಯಾರಗಳನ್ನೆಲ್ಲ ಹತ್ತೂ ಹತ್ತಕ್ಕೆ ನಿಲ್ಲಿಸಿಟ್ಟಿರುತ್ತಾರೆ, ನೋಡಿದ್ದೀಯಲ್ಲ? ಮುಖ ಚೆನ್ನಾಗಿ ಕಾಣಲಿ ಎಂದು. ಇವನೂ ಹಾಗೇ ಮಾಡಿದ. ಪಕ್ಕದ ತಿರುಪನ್ನು ಹೊರಗೆಳೆದು, ಮುಳ್ಳುಗಳನ್ನು ಹತ್ತೂ ಹತ್ತಕ್ಕೆ ನಿಲ್ಲಿಸಿಬಿಟ್ಟ. ಈಗ ಎರಡು ಮುಳ್ಳು ಎರಡು ಕಡೆ ಚಾಮರ ಹಿಡಿದಂತೆ, ನಡುವೆ ಹಂಸ. ಸೆಕೆಂಡಿನ ಮುಳ್ಳು ಅದಕ್ಕೆ ಮೊದಲೇ ಇರಲಿಲ್ಲ. ಗಡಿಯಾರ ನಿಂತಿದೆ ಎಂದು ಯಾರಿಗೂ ಹೇಳಲಿಲ್ಲ. ಬೀದಿಯಲ್ಲಿ ಯಾರಾದರೂ ಗಂಟೆ ಕೇಳಿದರೆ ಯಾವುದಾದರೂ ಅಂಗಡಿಯ ಗೋಡೆ ಗಡಿಯಾರವನ್ನು ಕದ್ದು ನೋಡಿ ಹೇಳುತ್ತಿದ್ದ. ಹೆಂಡತಿ ಕೇಳಿದರೆ, ಅಂಗಳಕ್ಕೆ ಹೋಗಿ ನೆರಳು ನೋಡು ಎನ್ನುತ್ತಿದ್ದ.

ಆ ವ್ಯಾಪಾರಿಗೆ ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಯಾವುದೋ ಮದುವೆಯ ಊಟದಲ್ಲಿ ತನ್ನನ್ನು ಬಾಗಿಲ ಪಕ್ಕ ಕೂಡಿಸಿದಳೆಂದು ಅವನು ಹನ್ನೊಂದು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದ. ಅವತ್ತು ಹೋಳಿಗೆ ಮಾತ್ರ ಬಿಟ್ಟಿರಲಿಲ್ಲ, ನಾಲ್ಕು ತಿಂದೇ ಎದ್ದಿದ್ದ. ಈಗ ಅಕ್ಕ ಕಾಶಿಗೆ ಹೊರಟಳು. ಮತ್ತೆ ಬರುವವಳಲ್ಲ. "ಹನ್ನೊಂದು ಗಂಟೆಯ ರೈಲು. ಬಂದು ಮುಖ ತೋರಿಸು" ಎಂದು ಹೇಳಿಕಳಿಸಿದಳು.

ವ್ಯಾಪಾರಿ ಹೊರಟ. ಬೇಗನೇ ಬಂದ. ಅಕ್ಕನ ಮುಂದೆ ಹೋಗಿ ನಿಲ್ಲುವುದಕ್ಕೆ ಧೈರ್ಯ ಬೇಕಿತ್ತು. ಒಂದು ಚಹಾ ಕುಡಿಯೋಣವೆಂದು ಸ್ಟೇಷನ್ನಿನ ಎದುರಿನ ಹೋಟೆಲು ಹೊಕ್ಕ. ಗೋಡೆ ಗಡಿಯಾರ ಕಣ್ಣೆದುರಿಗೇ ಇರುವ ಬೆಂಚು ಆರಿಸಿ ಕುಳಿತ.

ಮಂದಿ ಸುತ್ತ ಸೇರಿತು. ಅವನ ಕೈ ಹಿಡಿದು ತಿರುಗಿಸಿ ತಿರುಗಿಸಿ ಹಂಸ ನೋಡಿತು. "ಜೀವ ಇದ್ದಂಗ ಐತ್ರಿ" ಎಂದ ಒಬ್ಬ. "ನೀರು ಗೀರು ಕುಡಿಸ್ತೀರೇನ್ರಿ?" ಎಂದ ಇನ್ನೊಬ್ಬ. ಹೋಟೆಲಿನವನೂ ಬಗ್ಗಿ ನೋಡಿದ. ಆಮೇಲೆ ಗೋಡೆ ನೋಡಿದ. ಗೋಡೆಯಲ್ಲಿ ಹತ್ತೂ ನಲವತ್ತು.

"ಥೂ ಇದರ! ಇದ್ಯಾವಾಗ ಅರ್ಧ ತಾಸು ಮುಂದ ಓಡಿತೋ!" ಎಂದ ಹೋಟೆಲಿನವನು. "ಸಂತ್ಯಾಗ ತಂದಿದ್ದು ನೋಡ್ರಿ ಸಾವ್ಕಾರ್ರ. ನಿಮ್ಮ ವಾಚಿನ ಮುಂದ ಇದನ್ನ ತೂಗಹಾಕೂದು ನಾಚಿಕಿಗೇಡು."

ಬೆಂಚು ಹತ್ತಿ ಗೋಡೆ ಗಡಿಯಾರ ಇಳಿಸಿದ. ಹಿಟ್ಟಿನ ಡಬ್ಬಿಯ ಹಿಂದೆ ಮುಖ ಕೆಳಗೆ ಮಾಡಿ ಇಟ್ಟುಬಿಟ್ಟ.

ವ್ಯಾಪಾರಿ ಎದ್ದ. "ನಾ ಬರ್ತೀನಿ. ಅಕ್ಕ ಹನ್ನೊಂದರ ಗಾಡಿಗೆ ಹೊಂಟಾಳ."

"ಹನ್ನೊಂದಕ್ಕಲ್ಲೇನ್ರಿ? ನಿಮ್ಮ ಕೈಯಾಗ ಈಗ ಹತ್ತೂ ಹತ್ತು. ಇನ್ನೂ ಐವತ್ತು ನಿಮಿಷ ಐತಿ. ಕೂಡ್ರಿ, ಬಿಸಿ ಮಿರ್ಚಿ ಭಜಿ ಬರ್ತಾವ. ಅಂಥಾ ವಾಚು ಕಟ್ಟಿಕೊಂಡವರಿಗೂ ಗಡಿಬಿಡಿ ಏನ್ರಿ?"

'ಇದು ನಿಂತೈತಿ' ಎಂಬ ಎರಡು ಮಾತು ಅವನ ನಾಲಿಗೆಯವರೆಗೆ ಬಂದವು. ಎಲ್ಲರೂ ಹಂಸ ನೋಡುತ್ತಿದ್ದರು. ಅವನು ಕುಳಿತ. ಒಂದು ಮಿರ್ಚಿ ತಿಂದು ಎದ್ದರಾಯಿತು ಎಂದುಕೊಂಡ. ಎಣ್ಣೆ ಕಾದ ಮೇಲೆ ಮಿರ್ಚಿ ಬಂತು. ಸುಡುತ್ತಿತ್ತು. ಊದಿ ಊದಿ ತಿಂದ.

ರೈಲು ಸಿಳ್ಳೆ ಹಾಕಿತು.

ಹೋಟೆಲಿನವನು ಅವನ ಕೈ ನೋಡಿ, "ಗೂಡ್ಸ್ ಇರಬೇಕ್ರಿ. ಹತ್ತೂ ಹತ್ತಕ್ಕ ಇನ್ಯಾವ ಗಾಡಿ ಐತಿ?" ಎಂದ.

ವ್ಯಾಪಾರಿ ಓಡಿದ. ಅವನು ಪ್ಲಾಟ್‌ಫಾರ್ಮ್ ಮುಟ್ಟಿದಾಗ ಕೊನೆಯ ಡಬ್ಬಿ ಸಿಗ್ನಲ್ ದಾಟುತ್ತಿತ್ತು. ಒಬ್ಬ ಹಮಾಲ ಮಾತ್ರ ನಿಂತಿದ್ದ.

"ಒಬ್ಬಾಕಿ ಮುದುಕಿ ಗಾಡಿ ಬಿಡೂತನಕ ಬಾಗಿಲದಾಗ ನಿಂತಿದ್ದಳ್ರಿ" ಎಂದ ಹಮಾಲ. "ಗಂಟಿ ಎಷ್ಟಾತಪ್ಪಾ ಅಂತ ನನ್ನ ನಾಕು ಸಲ ಕೇಳಿದಳು."

ವ್ಯಾಪಾರಿ ಕೈ ನೋಡಿಕೊಂಡ. ಹಂಸದ ಒಂದು ಗರಿಯೂ ಮುಚ್ಚಿರಲಿಲ್ಲ.

ಇಷ್ಟು ಹೇಳಿ ಅಜ್ಜಾರು ಮತ್ತೆ ಶೇಂಗಾಕ್ಕೆ ಕೈ ಹಾಕಿದರು.

ಇನ್ನೂ ಕತೆ ಇದ್ದೀತೆಂದು ನಿರುಪಾದಿಗೆ ಅನಿಸಿತ್ತು.

"ಆಮ್ಯಾಲ ಆ ವ್ಯಾಪಾರಿ ಏನು ಮಾಡಿದ್ರಿ ಅಜ್ಜಾರ? ವಾಚು ನಡಿಸಿದನೋ, ಒಗದನೋ?"

"ಅವಂದು ಇರಲಿ. ನಿನ್ನ ಬಸ್ಸು ಎಷ್ಟು ಗಂಟಿಗೆ?"